ನಂಬರ್ ಸೇವ್ ಮಾಡಿಕೊಂಡವರೇ ನಮ್ಮ ಗಿರಾಕಿಗಳು: ವಾಟ್ಸಾಪ್, ಇನ್‌ಸ್ಟಾಗ್ರಾಂನಲ್ಲಿ ಮಾರುವವರು ನಿಮ್ಮ ಅನುಭವ ಹೇಳಿ

ಅಪ್ಪೆಮಿಡಿ ಮನೆ, ಸಿದ್ದಾಪುರ:

ಎಲ್ಲರಿಗೂ ನಮಸ್ಕಾರ. ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲೂಕು. ಅಪ್ಪೆಮಿಡಿ ಎಂಬ ಪರಿಮಳದ ಎಳೆ ಮಾವಿನಕಾಯಿಯ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ (ನೀರುಬೆಲ್ಲ), ಯಾರಾದರೂ ಕೇಳಿದರೆ ಹಾಳೆಯಂಥ ಸಿಹಿತಿಂಡಿ ತೊಡದೇವು, ಇಷ್ಟು ನಮ್ಮ ವ್ಯಾಪಾರ. ಅತ್ತೆ, ನಾನು, ಪಕ್ಕದ ಮನೆಯ ಇಬ್ಬರು ಸೇರಿ ಮಾಡುತ್ತೇವೆ. ಅಂಗಡಿ ಅಂತ ಇಲ್ಲ. 2019ರಿಂದ ವಾಟ್ಸಾಪ್ ಬಿಸಿನೆಸ್ ಆ್ಯಪೇ ನಮ್ಮ ಅಂಗಡಿ. ಇನ್‌ಸ್ಟಾಗ್ರಾಂ ಆಮೇಲೆ ಸೇರಿತು.

ಈ ವರ್ಷ ಮಾರ್ಚ್‌ನಲ್ಲಿ ಮಗಳು ಒಂದು ರೀಲ್ಸ್ ಹಾಕಿದಳು. ಹೊಳೆ ಅಂಚಿನ ಮರದಿಂದ ಕೊಯ್ದು ತಂದ ಮಿಡಿಯ ತೊಟ್ಟು ಮುರಿದಾಗ ಸೊನೆ ಚಿಮ್ಮುತ್ತದಲ್ಲ, ಅದಷ್ಟನ್ನೇ ಹತ್ತಿರದಿಂದ ತೆಗೆದಿದ್ದಳು. ಎರಡು ಲಕ್ಷಕ್ಕಿಂತ ಜಾಸ್ತಿ ಜನ ನೋಡಿದರು. ಮೂರು ದಿನ ಫೋನು ಕೆಳಗಿಡಲು ಆಗಲಿಲ್ಲ. ರೇಟ್ ಎಷ್ಟು, ಪುಣೆಗೆ ಕಳಿಸ್ತೀರಾ, ಸ್ಯಾಂಪಲ್ ಕೊಡ್ತೀರಾ, ಬರೀ ಇದೇ. ನಾವು ಒಂದು ಹಂಗಾಮಿಗೆ ಉಪ್ಪಿಗೆ ಹಾಕುವುದೇ ಆರು ಭರಣಿ. ಕಳೆದ ವರ್ಷದ್ದು ಅರ್ಧ ಭರಣಿ ಉಳಿದಿತ್ತು. ನಾನೂರಕ್ಕೂ ಹೆಚ್ಚು ಜನ ವಿಚಾರಿಸಿದರು. ಹಣ ಹಾಕಿ ಕೊಂಡವರು ಹನ್ನೊಂದು ಜನ.

ಅದರ ಬಗ್ಗೆ ನನಗೆ ಬೇಸರವಿಲ್ಲ. ಬೇಸರವಾಗಿದ್ದು ಬೇರೆಯದಕ್ಕೆ. ಮೈಸೂರಿನ ಒಬ್ಬ ಅಮ್ಮ ಪ್ರತಿ ವರ್ಷ ಎರಡು ಕೆಜಿ ತರಿಸಿಕೊಳ್ಳುತ್ತಾರೆ. ಮೊದಲ ವರ್ಷದಿಂದಲೂ ಇರುವವರು. ಆ ಗದ್ದಲದಲ್ಲಿ ಅವರ ಮೆಸೇಜು ಎಲ್ಲೋ ಕೆಳಗೆ ಹೋಯಿತು. ಐದು ದಿನ ನಾನು ನೋಡಲೇ ಇಲ್ಲ. ಆರನೇ ದಿನ ಮತ್ತೆ ಬರೆದರು: "ಈ ವರ್ಷ ನಮಗೆ ಇಲ್ವೇನಮ್ಮಾ?" ಅಷ್ಟೊತ್ತಿಗೆ ಹಳೆಯ ಭರಣಿ ಖಾಲಿ. "ಹೊಸದು ತೆಗೆದಾಗ ಮೊದಲ ಬಾಟಲಿ ನಿಮ್ಮದೇ" ಎಂದು ಹೇಳಿದೆ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಕೂತು ನಮ್ಮ ಲೆಕ್ಕದ ಪುಸ್ತಕ ತಿರುವಿ ಹಾಕಿದೆ. ಕಳೆದ ವರ್ಷ ಮಾರಿದ್ದರಲ್ಲಿ ಮುಕ್ಕಾಲು ಪಾಲು ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿರುವವರಿಗೇ ಹೋಗಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬ್ರಾಡ್‌ಕಾಸ್ಟ್ ಎಂದರೆ ಗ್ರೂಪ್ ಅಲ್ಲ. ಒಂದು ಲಿಸ್ಟ್‌ಗೆ 256 ಜನರನ್ನು ಸೇರಿಸಬಹುದು. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಪ್ರತಿಯೊಬ್ಬರಿಗೂ ಮೆಸೇಜು ಬೇರೆಯಾಗಿಯೇ ತಲುಪುತ್ತದೆ. ಆದರೆ ಒಂದು ಷರತ್ತಿದೆ. ಅವರು ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದರೆ ಮಾತ್ರ ಅದು ತಲುಪುತ್ತದೆ. ಇಲ್ಲದಿದ್ದರೆ ಇಲ್ಲ. ಮೊದಲು ಇದು ನನಗೆ ಕಿರಿಕಿರಿ ಅನ್ನಿಸುತ್ತಿತ್ತು. ಈಗ ಇದೇ ಸರಿ ಅನ್ನಿಸುತ್ತದೆ. ಹೆಸರು ಹಾಕಿ ನಮ್ಮನ್ನು ಫೋನಿನಲ್ಲಿ ಇಟ್ಟುಕೊಂಡವರು ಎಷ್ಟು ಜನ ಇದ್ದಾರೋ ನಮ್ಮ ವ್ಯಾಪಾರ ಅಷ್ಟೇ.

ಹಾಗಾದರೆ ಜನ ನಂಬರ್ ಸೇವ್ ಮಾಡಿಕೊಳ್ಳುವುದು ಯಾವಾಗ? ನನಗೆ ಒಂದು ಸಲ ಕಣ್ಣೆದುರೇ ಗೊತ್ತಾಯಿತು. ಎರಡು ವರ್ಷದ ಹಿಂದೆ ರಾತ್ರಿ 9:40ಕ್ಕೆ ಬೆಂಗಳೂರಿನಿಂದ ಒಂದು ಫೋಟೊ ಬಂತು. ಬಾಕ್ಸ್ ತುಂಬಾ ಕೆಂಪು ರಸ. "ಬಾಟಲಿ ಸೋರಿದೆ. ಒಳಗಿದ್ದ ಹಪ್ಪಳವೂ ಹಾಳಾಗಿದೆ" ಎಂದಿತ್ತು. ನಾನು ಕೂಡಲೇ ಬರೆದೆ: "ತಪ್ಪಾಯಿತು. ನಾಳೆ ಬೆಳಿಗ್ಗೆ ಎರಡನ್ನೂ ಮತ್ತೆ ಕಳಿಸುತ್ತೇನೆ. ಹಣ ಬೇಡ. ರಸ ಕೈಗೆ ಹತ್ತಿದ್ದರೆ ಮಕ್ಕಳನ್ನು ಮುಟ್ಟುವ ಮುಂಚೆ ತೊಳೆದುಕೊಳ್ಳಿ." ಇಷ್ಟೇ. ಮರುದಿನ ಕಟ್ಟುವಾಗ ಪ್ರತಿ ಹಂತದ ಫೋಟೊ ತೆಗೆದು ಅವರಿಗೇ ಕಳಿಸಿದೆ. ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಮುಚ್ಚಳ, ಮುಚ್ಚಳದ ಸುತ್ತ ಟೇಪು, ಆಮೇಲೆ ಇಡೀ ಬಾಟಲಿ ಒಂದು ಸೀಲ್ ಮಾಡಿದ ಕವರಿನೊಳಗೆ, ಹಪ್ಪಳ ಬೇರೆಯೇ ಡಬ್ಬಿಯಲ್ಲಿ. ನಮ್ಮ ಕಡೆಯ ಮಿಡಿಗೆ ಎಣ್ಣೆ ಹಾಕುವುದಿಲ್ಲ, ಉಪ್ಪುನೀರಿನ ರಸವೇ. ಅದು ತೆಳು, ಸಣ್ಣ ಸಂದಿ ಸಿಕ್ಕರೂ ಹೊರಗೆ ಬರುತ್ತದೆ. ಬಾಟಲಿಯನ್ನು ಕಂಠದ ತನಕ ತುಂಬುತ್ತಿದ್ದದ್ದು ನಮ್ಮದೇ ತಪ್ಪು. ಆವತ್ತಿನಿಂದ ಒಂದು ಬೆರಳಷ್ಟು ಜಾಗ ಬಿಡುತ್ತೇವೆ. ಆ ಮನೆಯವರು ನಂಬರ್ ಸೇವ್ ಮಾಡಿಕೊಂಡಿದ್ದು ಆವತ್ತೇ. ಅವರ ಅಪಾರ್ಟ್‌ಮೆಂಟಿನಿಂದ ಈಗ ಐದು ಮನೆಯವರು ತರಿಸಿಕೊಳ್ಳುತ್ತಾರೆ.

ನಿಮ್ಮದು ಹೇಗೆ? ರೀಲ್ಸ್‌ನಿಂದ ಬಂದವರು ಉಳಿಯುತ್ತಾರಾ?

ಇಳಕಲ್ ಸೀರೆ, ಕೈಮಗ್ಗ:

ಅಕ್ಕಾರ, ನಿಮ್ಮ ಮಾತು ಖರೆ. ಸೀರೆ ವ್ಯಾಪಾರದಲ್ಲಿ ಇನ್ನೊಂದು ತೊಂದರೆ ಇದೆ, ಅದನ್ನೂ ಹೇಳುತ್ತೇನೆ.

ನಮ್ಮ ಅಪ್ಪ ನೇಯುತ್ತಾರೆ, ಮಾರಾಟ ನನ್ನದು. ಇಳಕಲ್ ಸೀರೆಗೆ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದೇ ಎಂಬ ಸರಕಾರಿ ಗುರುತು ಇದೆ. ಆದರೆ ಫೋನಿನ ಪರದೆ ಮೇಲೆ ಕೈಮಗ್ಗದ್ದೂ ಪವರ್‌ಲೂಮಿನದೂ ಒಂದೇ ಥರ ಕಾಣುತ್ತವೆ. ಹೋದ ವರ್ಷ ಯಾರೋ ನಮ್ಮ ಫೋಟೊ ಎತ್ತಿಕೊಂಡು ತಮ್ಮ ಪೇಜಿನಲ್ಲಿ ಹಾಕಿದರು. 700 ರೂಪಾಯಿಗೆ ಅಪ್ಪಟ ಕೈಮಗ್ಗ ಎಂದು ಬರೆದಿದ್ದರು. ಗದಗಿನ ಒಬ್ಬ ತಾಯಿ ಅಲ್ಲಿ ತಗೊಂಡು, ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು ಎಂದು ನಮಗೆ ಫೋನ್ ಮಾಡಿ ಬೈದರು. ಫೋಟೊದಲ್ಲಿ ನಮ್ಮ ಮನೆಯ ಕಟ್ಟೆ ಕಾಣುತ್ತಿತ್ತಲ್ಲ, ಅದಕ್ಕೆ ನಾವೇ ಎಂದುಕೊಂಡರು. ರಿಪೋರ್ಟ್ ಮಾಡಿ ಆ ಪೋಸ್ಟ್ ತೆಗೆಸಿದೆವು. ಹದಿನೈದು ದಿನಕ್ಕೆ ಬೇರೆ ಹೆಸರಲ್ಲಿ ಮತ್ತೆ ಬಂತು.

ಆಮೇಲೆ ನಾನು ಫೋಟೊ ಹಾಕುವ ರೀತಿಯನ್ನೇ ಬದಲಿಸಿದೆ. ಚಂದ ಕಾಣುವ ಸೀರೆ ಫೋಟೊ ಯಾರು ಬೇಕಾದರೂ ಕದಿಯಬಹುದು. ಮಗ್ಗದ ಮೇಲಿನ ಕೆಲಸವನ್ನು ಕದಿಯುವುದು ಕಷ್ಟ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಸೆರಗಿಗೆ ಕೆಂಪು ರೇಷ್ಮೆ. ಎರಡೂ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಬೇಕು. ಅದಕ್ಕೇ ಸೀರೆಗೊಂದು ಹಾಸು ಬೇರೆಯಾಗಿ ಸಿದ್ಧ ಮಾಡಬೇಕಾಗುತ್ತದೆ, ಥಾನುಗಟ್ಟಲೆ ಎಳೆಯಲು ಆಗುವುದಿಲ್ಲ. ಈ ಕೊಂಡಿ ಹಾಕುವುದನ್ನು ನಮ್ಮ ಅವ್ವ ಮಾಡುತ್ತಾಳೆ. ಅವಳ ಬೆರಳು ಓಡುವುದನ್ನು ಒಂದು ನಿಮಿಷ ಹಾಗೇ ತೆಗೆದು ಹಾಕುತ್ತೇನೆ. ಹಾಡು ಇಲ್ಲ, ಮಾತು ಇಲ್ಲ. ಸೀರೆ ತಗೊಂಡವರಿಗೆ ಸೆರಗು ಒಡಲಿಗೆ ಕೂಡುವ ಗೆರೆಯನ್ನು ತಿರುಗಿಸಿ ನೋಡಲು ಹೇಳುತ್ತೇನೆ. ಅದನ್ನು ಒಂದು ಸಲ ನೋಡಿದವರಿಗೆ ಆಮೇಲೆ ನಾವು ಏನನ್ನೂ ಹೇಳಬೇಕಾಗಿಲ್ಲ.

ಬಣ್ಣದ್ದೂ ಒಂದು ಗೋಳು. ಫೋನಿನಲ್ಲಿ ಕಂಡ ಬಣ್ಣವೇ ಬೇರೆ, ಕೈಗೆ ಬಂದದ್ದೇ ಬೇರೆ ಎನ್ನುತ್ತಾರೆ. ಈಗ ಟ್ಯೂಬ್‌ಲೈಟ್ ಕೆಳಗೆ ಫೋಟೊ ತೆಗೆಯುವುದನ್ನು ಪೂರ್ತಿ ಬಿಟ್ಟಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಕಟ್ಟೆ ಮೇಲೆ ಹಾಸಿ, ದಡಿಯ ಮೇಲೆ ಗಿರಾಕಿಯ ಹೆಸರು ಬರೆದ ಚೀಟಿ ಇಟ್ಟು ವಿಡಿಯೊ ಮಾಡಿ ಕಳಿಸುತ್ತೇನೆ. "ಇದೇ ಸೀರೆ, ಇದೇ ಬಣ್ಣ, ಕಟ್ಟಲಾ?" ಎಂದು ಕೇಳಿ, ಹೂಂ ಎಂದ ಮೇಲೆ ಕಟ್ಟುತ್ತೇನೆ. ವಾಪಸ್ ಬರುವುದು ಬಹಳ ಕಡಿಮೆಯಾಗಿದೆ.

ಬೆಂಗಳೂರಿನ ಗಿರಾಕಿ:

ನಾನು ಏನನ್ನೂ ಮಾರುವುದಿಲ್ಲ, ಕೊಳ್ಳುವವಳು. ಕೊಳ್ಳುವವರ ಕಡೆಯಿಂದ ಎರಡು ಮಾತು ಹೇಳಲಾ?

ದಯವಿಟ್ಟು ಬೆಲೆ ಬರೆಯಿರಿ. "ಡಿಎಂ ಮಾಡಿ", ಅಂದರೆ ಬೆಲೆಗೆ ಖಾಸಗಿ ಮೆಸೇಜು ಕಳಿಸಿ ಎಂದು ಹಾಕಿದ ಪೇಜನ್ನು ನಾನು ದಾಟಿ ಮುಂದೆ ಹೋಗುತ್ತೇನೆ. ಬೆಲೆ ಮುಚ್ಚಿಟ್ಟರೆ ಮುಖ ನೋಡಿ ಮಣೆ ಹಾಕುತ್ತಾರೇನೋ ಅನ್ನಿಸುತ್ತದೆ. ಇನ್ನೊಂದು, ಕೇಳದೆ ಗ್ರೂಪಿಗೆ ಸೇರಿಸಬೇಡಿ. ಒಂದು ಸಲ ಸೀರೆ ತಗೊಂಡಿದ್ದಕ್ಕೆ ಇನ್ನೂರು ಜನರ ಗ್ರೂಪಿಗೆ ಸೇರಿಸಿದರು. ಅದೇ ವಾರ ಗೊತ್ತಿಲ್ಲದ ಇಬ್ಬರಿಂದ ರಾತ್ರಿ ಕಾಲ್ ಬಂತು. ಹೆಣ್ಣುಮಕ್ಕಳ ನಂಬರ್ ಹಾಗೆ ಬಯಲಿಗೆ ಇಡುವುದು ಸಣ್ಣ ವಿಷಯ ಅಲ್ಲ.

ಅಪ್ಪೆಮಿಡಿ ಅಕ್ಕಾ, ನೀವು ಬ್ರಾಡ್‌ಕಾಸ್ಟ್ ಬಳಸುವುದು ಕೇಳಿ ಸಮಾಧಾನವಾಯಿತು.

ಲೆಕ್ಕಪತ್ರ, ಹುಬ್ಬಳ್ಳಿ:

ಮಾರ್ಕೆಟಿಂಗ್ ಮಾತಿನ ನಡುವೆ ಲೆಕ್ಕದ ಮಾತು ತರುತ್ತಿದ್ದೇನೆ. ಆದರೆ ನನ್ನ ಹತ್ತಿರ ಬರುವ ಮನೆ ವ್ಯಾಪಾರದವರ ಕಷ್ಟ ಶುರುವಾಗುವುದೇ ಇಲ್ಲಿ.

2025ರ ಜುಲೈ ನೆನಪಿದೆಯಲ್ಲವೇ? ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳವರು ಕ್ಯೂಆರ್ ಕೋಡ್ ತೆಗೆದು "ಕ್ಯಾಶ್ ಮಾತ್ರ" ಎಂದು ಚೀಟಿ ಅಂಟಿಸಿದರು. ನೋಟಿಸ್ ಬಂದವರಲ್ಲಿ ತುಂಬಾ ಜನರಿಗೆ ಯಾವುದು ವ್ಯಾಪಾರದ ಹಣ, ಯಾವುದು ತಮ್ಮನಿಂದ ತೆಗೆದುಕೊಂಡ ಕೈಸಾಲ ಎಂದು ತೋರಿಸುವುದೇ ಕಷ್ಟವಾಯಿತು. ಎರಡೂ ಒಂದೇ ಖಾತೆಗೆ ಬಂದಿದ್ದವು. ಆದ್ದರಿಂದ ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ, ಬೇರೆ ಯುಪಿಐ ಇಟ್ಟುಕೊಳ್ಳಿ. ಇಂದೇ ಮಾಡಿ.

ಸರಕು ಮಾರುವವರಿಗೆ ರಾಜ್ಯದ ಒಳಗಾದರೆ ವರ್ಷಕ್ಕೆ 40 ಲಕ್ಷದ ವಹಿವಾಟಿನ ತನಕ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ಆದರೆ ತೆರಿಗೆ ಇರುವ ಸರಕನ್ನು ಹೊರ ರಾಜ್ಯಕ್ಕೆ ಕಳಿಸಿದರೆ ಈ ಮಿತಿ ನಿಮಗೆ ಅನ್ವಯಿಸುವುದಿಲ್ಲ, ನೋಂದಣಿ ಬೇಕಾಗುತ್ತದೆ. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ. ರೀಲ್ಸ್ ನೋಡಿ ಪುಣೆಯಿಂದ ಆರ್ಡರ್ ಬಂದಾಗ ಖುಷಿಯಲ್ಲಿ ಕಳಿಸಿಬಿಡುತ್ತಾರೆ. ಮೊದಲು ನಿಮ್ಮ ಊರಿನ ಲೆಕ್ಕಿಗರನ್ನು ಕೇಳಿ. ತಿಂಡಿ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಆ 14 ಅಂಕಿಯ ಸಂಖ್ಯೆಯನ್ನು ಲೇಬಲ್ ಮೇಲೆ ಹಾಕಿ. ಅದರ ಫೋಟೊವನ್ನು ವಾಟ್ಸಾಪ್ ಬಿಸಿನೆಸ್‌ನಲ್ಲಿ ಸಾಮಾನು ತೋರಿಸುವ ಕ್ಯಾಟಲಾಗ್‌ನಲ್ಲೂ ಇಡಿ. ಗಿರಾಕಿಗೆ ಅದೇ ಅರ್ಧ ಧೈರ್ಯ.

ಅಪ್ಪೆಮಿಡಿ ಮನೆ, ಸಿದ್ದಾಪುರ:

ಸರ್, ತುಂಬಾ ಉಪಕಾರವಾಯಿತು. ಎಫ್‌ಎಸ್‌ಎಸ್‌ಎಐ ಇದೆ. ಖಾತೆ ಮಾತ್ರ ಇನ್ನೂ ಯಜಮಾನರ ಜೊತೆ ಒಂದೇ ಇದೆ. ನಾಳೆಯೇ ಬ್ಯಾಂಕಿಗೆ ಹೋಗುತ್ತೇನೆ.

ಬೆಂಗಳೂರಿನ ತಂಗೀ, ಬೆಲೆ ವಿಷಯ ಒಪ್ಪಿದೆ. ಕ್ಯಾಟಲಾಗ್‌ನಲ್ಲಿ ಬೆಲೆ ಇತ್ತು, ಇನ್‌ಸ್ಟಾಗ್ರಾಂನಲ್ಲಿ ಹಾಕಿರಲಿಲ್ಲ. ಇವತ್ತು ಹಾಕಿದೆ.

ಮನೆ ಕೇಕ್, ತುಮಕೂರು:

ನಂಬರ್ ಸೇವ್ ಮಾಡಿಕೊಳ್ಳುವ ಮಾತು ಬಂತಲ್ಲ, ನನ್ನ ಕಥೆ ಕೇಳಿ.

ನಾಲ್ಕು ವರ್ಷದಿಂದ ಕಟ್ಟಿದ ಇನ್‌ಸ್ಟಾಗ್ರಾಂ ಪೇಜು ನನ್ನದು. ಆರು ಸಾವಿರ ಜನ ಫಾಲೋ ಮಾಡುತ್ತಿದ್ದರು. ಒಂದು ಮಧ್ಯಾಹ್ನ ಮೆಸೇಜು ಬಂತು. ನಿಮ್ಮ ಪೇಜು ಕಾಪಿರೈಟ್ ನಿಯಮ ಮುರಿದಿದೆ, 24 ಗಂಟೆಯಲ್ಲಿ ತೆಗೆದುಹಾಕುತ್ತೇವೆ, ಈ ಲಿಂಕಿನಲ್ಲಿ ದೂರು ಕೊಡಿ ಎಂದಿತ್ತು. ಕಂಪನಿಯ ಲೋಗೊ ಕೂಡ ಇತ್ತು. ಆವತ್ತು ಮೂರು ಹುಟ್ಟುಹಬ್ಬದ ಕೇಕು ಒಲೆಯಲ್ಲಿದ್ದವು. ಗಾಬರಿಯಲ್ಲಿ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿಬಿಟ್ಟೆ. ಹತ್ತು ನಿಮಿಷದಲ್ಲಿ ಪೇಜು ನನ್ನ ಕೈ ತಪ್ಪಿತ್ತು. ಸಂಜೆ ಅದರಿಂದಲೇ ನನ್ನ ಗಿರಾಕಿಗಳಿಗೆ ಹಣ ಕೇಳುವ ಮೆಸೇಜು ಹೋಗಲು ಶುರುವಾಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟೆ. ಪೇಜು ಮಾತ್ರ ವಾಪಸ್ ಸಿಗಲಿಲ್ಲ.

ನನ್ನನ್ನು ಉಳಿಸಿದ್ದು ಒಂದು ನೋಟ್‌ಬುಕ್. ಆರ್ಡರ್ ಬಂದಾಗಲೆಲ್ಲ ಹೆಸರು, ನಂಬರ್, ಯಾರ ಹುಟ್ಟುಹಬ್ಬ, ಯಾವ ತಾರೀಕು, ಮೊಟ್ಟೆ ಹಾಕಿದ್ದೋ ಹಾಕದ್ದೋ ಎಲ್ಲವನ್ನೂ ಬರೆದಿಡುವ ಅಭ್ಯಾಸ ನನಗೆ. ಆ ರಾತ್ರಿ ಅದರಲ್ಲಿದ್ದ ಎಲ್ಲರಿಗೂ ಒಬ್ಬೊಬ್ಬರಿಗೆ ಬರೆದೆ: "ನನ್ನ ಪೇಜು ಕಳುವಾಗಿದೆ. ಹಣ ಕೇಳಿದರೆ ಕೊಡಬೇಡಿ. ನಾನು ಇದೇ ನಂಬರಿನಲ್ಲಿ ಇದ್ದೇನೆ." ಒಬ್ಬರೂ ಹಣ ಕಳೆದುಕೊಳ್ಳಲಿಲ್ಲ. ವ್ಯಾಪಾರವೂ ನಿಲ್ಲಲಿಲ್ಲ. ಈಗಲೂ ಆ ಪುಸ್ತಕ ನೋಡಿ, ಹುಟ್ಟುಹಬ್ಬಕ್ಕೆ ಒಂದು ವಾರ ಮೊದಲು "ಈ ಸಲ ಪುಟ್ಟನಿಗೆ ಯಾವ ಕೇಕು?" ಎಂದು ಕೇಳುತ್ತೇನೆ.

ಎಲ್ಲರೂ ವಾಟ್ಸಾಪ್‌ನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ (ಇನ್ನೊಂದು ಪಿನ್ ಕೇಳುವ ಬೀಗ) ಹಾಕಿಕೊಳ್ಳಿ. ಫೋನಿಗೆ ಬಂದ ಆರು ಅಂಕಿಯ ಕೋಡನ್ನು ಯಾರಿಗೂ ಹೇಳಬೇಡಿ. ಪೇಮೆಂಟ್ ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕಿನ ಮೆಸೇಜು ನೋಡಿಯೇ ಕೇಕು ಕೊಡಿ. ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಎರಡು ಕೆಜಿ ಕೇಕು ತಗೊಂಡು ಹೋದವರೂ ಇದ್ದಾರೆ.

ಜಾಹೀರಾತು ಕೆಲಸ, ಮೈಸೂರು:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಂಬರ್ ಸೇವ್ ಮಾಡಿಕೊಂಡವರನ್ನೇ ನೆಚ್ಚಿ ಕೂತರೆ ಅವರ ವಯಸ್ಸಿನ ಜೊತೆ ನಿಮ್ಮ ವ್ಯಾಪಾರಕ್ಕೂ ವಯಸ್ಸಾಗುತ್ತದೆ. ಎರಡು ಕೆಜಿ ತರಿಸುವ ಆ ಅಮ್ಮನ ನಂತರ ಯಾರು?

ಅಕ್ಕಾ, ನಿಮ್ಮ ರೀಲ್ಸ್ ಸೋತಿಲ್ಲ. ಬಂದವರನ್ನು ಕೂರಿಸಲು ನಿಮ್ಮ ಹತ್ತಿರ ಜಾಗ ಇರಲಿಲ್ಲ. ಎಷ್ಟು ಸರಕು ಇದೆ, ಬೆಲೆ ಏನು, ಯಾವ ಊರಿಗೆ ಕಳಿಸುತ್ತೀರಿ, ಹೊಸ ಮಿಡಿ ಯಾವ ತಿಂಗಳಿಗೆ ಸಿದ್ಧ, ಈ ನಾಲ್ಕನ್ನು ಮೊದಲ ಕಮೆಂಟಿನಲ್ಲಿ ಬರೆದು ಪಿನ್ ಮಾಡಿದ್ದರೆ ನಾನೂರರಲ್ಲಿ ಮುನ್ನೂರು ಪ್ರಶ್ನೆ ಬರುತ್ತಲೇ ಇರಲಿಲ್ಲ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಲೇಬಲ್ ಇವೆ. ಹಳೇ ಗಿರಾಕಿಗಳಿಗೆ ಒಂದು ಬಣ್ಣದ ಲೇಬಲ್ ಹಾಕಿಟ್ಟರೆ, ಎಷ್ಟೇ ಗದ್ದಲವಿದ್ದರೂ ಅದನ್ನು ಒತ್ತಿದರೆ ಅವರ ಮೆಸೇಜುಗಳಷ್ಟೇ ಕಾಣುತ್ತವೆ. ಮೈಸೂರಿನ ಅಮ್ಮ ಐದು ದಿನ ಕಾಯಬೇಕಾಗಿರಲಿಲ್ಲ.

ಹಣ ಕೊಟ್ಟು ಜಾಹೀರಾತು ಹಾಕುವುದಾದರೆ ಇಡೀ ಭಾರತಕ್ಕೆ ಹಾಕಬೇಡಿ. ನೀವು ಕಳಿಸಬಲ್ಲ ಎರಡು ಮೂರು ಊರು ಮಾತ್ರ ಆರಿಸಿ. ಒತ್ತಿದರೆ ನೇರ ವಾಟ್ಸಾಪ್ ತೆರೆಯುವ ಜಾಹೀರಾತು ಇದೆ, ಅದನ್ನು ಬಳಸಿ. ಸರಕು ಮುಗಿದ ದಿನವೇ ನಿಲ್ಲಿಸಿ. ಇನ್ನೊಂದು ಮುಖ್ಯ ಮಾತು. ಬಿಸಿನೆಸ್ ಖಾತೆಯ ರೀಲ್ಸ್‌ಗೆ ಸಿನಿಮಾ ಹಾಡು ಹಾಕಬೇಡಿ. ಅದು ವ್ಯಾಪಾರದ ಬಳಕೆ ಆಗುತ್ತದೆ, ಹಕ್ಕು ಇರುವವರು ತಕರಾರು ತೆಗೆಯಬಹುದು. ಇಳಕಲ್ಲಿನವರು ಹಾಡು ಹಾಕದೆ ಹಾಗೇ ಬಿಟ್ಟದ್ದು ಎಷ್ಟು ಒಳ್ಳೆಯದಾಯಿತು ನೋಡಿ. ಫುಡ್ ಬ್ಲಾಗರ್‌ಗಳಿಗೆ ಹಣ ಕೊಟ್ಟು ಹೇಳಿಸಿದರೆ ಅದು ಜಾಹೀರಾತು ಎಂದು ಅವರು ಸ್ಪಷ್ಟವಾಗಿ ತೋರಿಸಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಇದನ್ನು ಹೇಳಿದೆ. "ತೋರಿಸಿದರೆ ಜನ ನಂಬಲ್ಲ, ಬೇಡ" ಎನ್ನುವ ಬ್ಲಾಗರ್ ಸಿಕ್ಕರೆ ಕೈಮುಗಿದು ಬಿಡಿ.

ಅಡಿಕೆ ತೋಟ, ಪುತ್ತೂರು:

ರೀಲ್ಸ್, ಜಾಹೀರಾತು ಎರಡೂ ಇಲ್ಲದೆ ಬರೀ ವಾಟ್ಸಾಪ್ ಮಾತುಕತೆಯಿಂದ ಒಂದು ಹೊಸ ಪದಾರ್ಥವೇ ಎದ್ದು ನಿಂತದ್ದನ್ನು ನಾವು ನೋಡಿದ್ದೇವೆ. 2021ರಲ್ಲಿ ಬಾಳೆಕಾಯಿಗೆ ಬೆಲೆ ಇರಲಿಲ್ಲ, ಕೊರೊನಾ ಬೇರೆ. ಆಗ ನಮ್ಮ ಕಡೆಯ ಕೃಷಿ ಮಾಸಿಕ "ಅಡಿಕೆ ಪತ್ರಿಕೆ"ಯ ಸಂಪಾದಕ ಶ್ರೀ ಪಡ್ರೆ ಅವರು ಬಾಳೆಕಾಯಿ ಹುಡಿಯ ವಿಷಯವನ್ನು ವಾಟ್ಸಾಪ್ ಗುಂಪಿನಲ್ಲಿ ಎತ್ತಿದರು. ಅದಕ್ಕೆ ಬಾಕಾಹು ಎಂಬ ಚುಟುಕು ಹೆಸರೂ ಬಂತು. ಯಾರೋ ಸಿಪ್ಪೆ ತೆಗೆದು ಹೆಚ್ಚಿ ಬಿಸಿಲಿಗೆ ಹಾಕಿದ ಫೋಟೊ ಹಾಕುತ್ತಿದ್ದರು. ಇನ್ಯಾರೋ ದೋಸೆ ಮಾಡಿ, ಮತ್ತೊಬ್ಬರು ರೊಟ್ಟಿ ತಟ್ಟಿ, ಸರಿಯಾಗಲಿಲ್ಲ, ಅಂಟಾಯಿತು, ನೀರು ಕಡಿಮೆ ಮಾಡಿ ಎಂದೆಲ್ಲ ಹೇಳುತ್ತಿದ್ದರು. ಮೊದಲು ಮನೆಗೆ ಮಾಡಿದರು, ಆಮೇಲೆ ಅವರಲ್ಲೇ ಕೆಲವರು ಮಾರಲು ಶುರು ಮಾಡಿದರು.

ಸೋತದ್ದನ್ನೂ ಹಾಕುತ್ತಿದ್ದರಲ್ಲ, ಅದರಿಂದಲೇ ಜನ ನಂಬಿದರು ಎಂದು ನನ್ನ ಅನಿಸಿಕೆ. ಸುಮ್ನೆ ಚಂದದ ಫೋಟೊ ಮಾತ್ರ ಬಂದಿದ್ದರೆ ನಾನಂತೂ ಬಾಳೆಕಾಯಿ ಹೆಚ್ಚಲು ಕೂರುತ್ತಿರಲಿಲ್ಲ.

ಹೊಸಬಳು, ಹಾಸನ:

ಚಟ್ನಿಪುಡಿ ಶುರು ಮಾಡಿ ಎರಡು ತಿಂಗಳಾಯಿತು. ರಾತ್ರಿ ಹನ್ನೊಂದಕ್ಕೂ ಮೆಸೇಜು ಬರುತ್ತದೆ. ಉತ್ತರ ಕೊಡದಿದ್ದರೆ ಗಿರಾಕಿ ಹೋಗಿಬಿಡುತ್ತಾರೆ ಎಂಬ ಭಯ. ಮನೆಯಲ್ಲಿ ಜಗಳವೇ ಆಗುತ್ತಿದೆ. ಏನು ಮಾಡಲಿ?

ಅಪ್ಪೆಮಿಡಿ ಮನೆ, ಸಿದ್ದಾಪುರ:

ಪುಟ್ಟೀ, ನಾನೂ ಇದನ್ನು ಅನುಭವಿಸಿದವಳು. ಬಿಸಿನೆಸ್ ಆ್ಯಪ್‌ನಲ್ಲಿ ಅವೇ ಮೆಸೇಜ್ ಎಂಬುದಿದೆ. ಸಮಯ ಹಾಕಿಟ್ಟರೆ ತಾನೇ ಹೋಗುತ್ತದೆ. ನನ್ನದು ಹೀಗಿದೆ, ಬೇಕಾದರೆ ಬಳಸಿಕೊ: "ನಮಸ್ಕಾರ. ರಾತ್ರಿ 8ರಿಂದ ಬೆಳಿಗ್ಗೆ 7ರ ತನಕ ನಾವು ಫೋನ್ ನೋಡುವುದಿಲ್ಲ. ಬೆಳಿಗ್ಗೆ ಖಂಡಿತ ಉತ್ತರಿಸುತ್ತೇವೆ. ಕಳಿಸಿದ ಸಾಮಾನು ಹಾಳಾಗಿ ಬಂದಿದ್ದರೆ ಫೋಟೊ ಹಾಕಿಡಿ, ಬೆಳಿಗ್ಗೆ ಮೊದಲು ಅದನ್ನೇ ನೋಡುತ್ತೇವೆ." ಇದನ್ನು ಹಾಕಿದ ಮೇಲೆ ಒಬ್ಬ ಗಿರಾಕಿಯೂ ಹೋಗಿಲ್ಲ. ಆದರೆ ಬೆಳಿಗ್ಗೆ ಎಂದು ಹೇಳಿದ ಮೇಲೆ ಬೆಳಿಗ್ಗೆ ಉತ್ತರ ಕೊಡಲೇಬೇಕು.

ಮೈಸೂರಿನ ತಮ್ಮಾ, ನಿನ್ನ ಮಾತು ಎರಡು ದಿನ ತಲೆಯಲ್ಲೇ ಇತ್ತು. ಜಾಗ ಇರಲಿಲ್ಲ ಎಂದೆಯಲ್ಲ, ಅದು ನಿಜ. ಲೇಬಲ್ ಹಾಕುವುದನ್ನು ಮಗಳು ನಿನ್ನೆ ಕಲಿಸಿಕೊಟ್ಟಳು. ಹಳಬರಿಗೆಲ್ಲ ಹಸಿರು. ರೀಲ್ಸ್‌ನಿಂದ ಬಂದ ಆ ಹನ್ನೊಂದು ಜನರಿಗೂ ಒಬ್ಬೊಬ್ಬರಿಗೆ ಬರೆದು, ಮಿಡಿ ಹೇಗಿತ್ತು ಎಂದು ಕೇಳಿದೆ. ಏಳು ಜನ ಉತ್ತರಿಸಿದರು. ಇಬ್ಬರು ಉಪ್ಪು ಜಾಸ್ತಿ ಎಂದರು. ನಮ್ಮ ಕಡೆ ಉಪ್ಪು ಅಷ್ಟು ಇದ್ದರೇ ಮಿಡಿ ವರ್ಷಗಟ್ಟಲೆ ಕೆಡದೆ ಇರುವುದು, ಮೊಸರನ್ನಕ್ಕೆ ಒಂದು ಮಿಡಿ ಸಾಕು, ಕಚ್ಚಿಕೊಂಡು ತಿನ್ನಿ ಎಂದು ಬರೆದೆ. ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಈಗ ಅದನ್ನು ಬಾಟಲಿಯ ಚೀಟಿ ಮೇಲೇ ಬರೆಯುತ್ತಿದ್ದೇವೆ. ಜಾಹೀರಾತು ಮಾತ್ರ ಈ ವರ್ಷ ಬೇಡ. ಆರು ಭರಣಿಗೆ ಅಷ್ಟು ಜನರನ್ನು ಕರೆದು ಇಲ್ಲ ಎನ್ನಲು ನನಗೆ ಮನಸ್ಸಿಲ್ಲ.

ಇಳಕಲ್ ಸೀರೆ, ಕೈಮಗ್ಗ:

ಉಪ್ಪಿನ ಮಾತು ಚಲೋ ಹೇಳಿದಿರಿ ಅಕ್ಕಾರ. ನಾವೂ ಸೀರೆ ಜೊತೆ ಒಂದು ಚೀಟಿ ಇಡಬೇಕು, ಮೊದಲ ಸಲ ಹೇಗೆ ಒಗೆಯಬೇಕು ಎಂದು. ಇದು ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ.

ಅಪ್ಪೆಮಿಡಿ ಮನೆ, ಸಿದ್ದಾಪುರ:

ತುಂಬಾ ದಿನದ ಮೇಲೆ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಹೊಸ ಮಿಡಿಯ ಮೊದಲ ಭರಣಿ ತೆಗೆದೆವು. ಬಟ್ಟೆ ಬಿಚ್ಚಿದ ಕೂಡಲೇ ಜಗುಲಿಯ ತನಕ ಪರಿಮಳ. ಏಳು ಗಂಟೆಗೆ ಬ್ರಾಡ್‌ಕಾಸ್ಟ್ ಹಾಕಿದೆ, ಬೆಲೆ ಬರೆದು, ಎಷ್ಟು ಕೆಜಿ ಇದೆ ಎಂದೂ ಬರೆದು. ಅದಕ್ಕೂ ಮುಂಚೆ ಮೈಸೂರಿನ ಅಮ್ಮನಿಗೆ ಬೇರೆಯಾಗಿ ಒಂದು ಫೋಟೊ ಕಳಿಸಿದ್ದೆ. ಬಾಟಲಿ ಮೇಲೆ ಅವರ ಹೆಸರು ಬರೆದಿಟ್ಟ ಫೋಟೊ. ಇಳಕಲ್ಲಿನವರಿಂದ ಕಲಿತದ್ದು.

ಈಗಷ್ಟೇ ಅವರ ಉತ್ತರ ಬಂತು. "ಎರಡು ಕೆಜಿ ಯಾವತ್ತಿನ ವಿಳಾಸಕ್ಕೆ. ಇನ್ನೊಂದು ಕೆಜಿ ಮಗಳ ಮನೆಗೆ, ಅವಳ ನಂಬರ್ ಕೆಳಗಿದೆ. ನಿನ್ನ ನಂಬರ್ ಅವಳ ಫೋನಿನಲ್ಲಿ ಹಾಕಿಸಿದ್ದೇನೆ."